ರೇಡಿಯೊ ಅಕ್ಕ ಕೈ ಚಾಚಿದಾಗ

ತಂಗಿ ಕೋಟಿನ ತೋಳಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದಳು. ಅರ್ಧ ತೋಳು ಮುಗಿದಿತ್ತು. ಎದುರಿನ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ನಿಂತಿದ್ದ ಅಕ್ಕ ಬಲಗೈ ಚಾಚಿದಳು. ತಂಗಿ ತಲೆ ಎತ್ತದೆ ಕತ್ತರಿ ಕೊಟ್ಟಳು. ಮತ್ತೆ ಕೈ ಬಂತು. ಸೀಮೆಸುಣ್ಣ ಕೊಟ್ಟಳು. ಮೂವತ್ತು ವರ್ಷದಿಂದ ಆ ಟೈಲರ್ ಅಂಗಡಿಯ ಪದ್ಧತಿ ಇದೇ. ಕೇಳುವ ಮೊದಲೇ ಸಾಮಾನು ಕೈಗೆ ಬರಬೇಕು.

"ಕೆಲಸಕ್ಕೆ ಬಾಯಿ ಖರ್ಚು ಮಾಡಬಾರದು ಕಣೇ. ಬಾಯಿ ಇರೋದು ಹರಟೆಗೆ" ಅಂತ ಅಕ್ಕನೇ ಕಲಿಸಿದ್ದು.

ಬೀದಿಯವರೆಲ್ಲ ಅವಳನ್ನು ರೇಡಿಯೊ ಅಕ್ಕ ಎನ್ನುತ್ತಿದ್ದರು. ಅಳತೆ ತೆಗೆಯುತ್ತಲೇ ಗಿರಾಕಿಯ ಮನೆಯ ಕಥೆಯನ್ನೆಲ್ಲ ಹೊರಗೆಳೆಯುತ್ತಿದ್ದಳು. ಹೊಟ್ಟೆ ಬಂದ ಮೇಷ್ಟರಿಗೆ, "ಟೇಪು ಸುಳ್ಳು ಹೇಳ್ತಿದೆಯೋ, ನೀವೋ? ಉಸಿರು ಬಿಡಿ, ಗೊತ್ತಾಗತ್ತೆ" ಅಂದಿದ್ದಳು. ಮೇಷ್ಟರು ನಕ್ಕ ರಭಸಕ್ಕೆ ಪಿನ್ನು ಚುಚ್ಚಿಸಿಕೊಂಡಿದ್ದರು.

ಎರಡು ವರ್ಷದಿಂದ ಅವಳ ಬಾಯಲ್ಲಿ ಟೇಪೂ "ಅದು", ದಾರವೂ "ಅದು". ಈಗೀಗ ಅಂಗಡಿಯಲ್ಲಿ ಮಿಷನ್ನಿನ ಸದ್ದು ಮಾತ್ರ.

ಅವತ್ತು ಕೋಟು ನೋಡಲು ಅದರ ಒಡತಿಯೇ ಬಂದಳು. ಆಸ್ಪತ್ರೆಯಲ್ಲಿ ಮಾತಿನ ತೊಂದರೆ ನೋಡುವವಳು.

"ಗುಂಡಿ ಯಾವ ಬಣ್ಣದ್ದು ಹಾಕ್ತೀರಮ್ಮ?"

"ಅದು... ಆ... ಇತ್ತಲ್ಲ..." ಅಕ್ಕ ತಡವರಿಸಿದಳು.

"ಕಂದು" ಅಂದಳು ತಂಗಿ ತಟ್ಟನೆ.

ಬಂದವಳು ಇಬ್ಬರನ್ನೂ ನೋಡಿದಳು. "ಎಷ್ಟು ದಿನದಿಂದ ಹೀಗೆ?"

ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಭಾವ ಉತ್ತರ ಕೊಟ್ಟ. "ಹೀಗೇನೂ ಇಲ್ಲ. ಅರವತ್ತಾಯ್ತು. ಹತ್ತು ಜನರ ಮಾತು ಒಬ್ಬಳೇ ಆಡಿದಾಳೆ, ಖಾಲಿಯಾಗಿರಬೇಕು."

"ದಾರಿ ಮರೀತಾರಾ? ಅಳತೆ ತಪ್ಪತ್ತಾ?"

"ಒಂದು ನೂಲೂ ತಪ್ಪಲ್ಲ" ಅಂದಳು ತಂಗಿ.

"ಅದಕ್ಕೇ ಕೇಳಿದ್ದು. ಉಳಿದದ್ದೆಲ್ಲ ಸರಿಯಿದ್ದು ಮಾತೊಂದೇ ಸವೆಯುತ್ತಾ ಬಂದ್ರೆ, ವಯಸ್ಸು ಅಂತ ಸುಮ್ಮನಿರಬಾರದು. ಆಸ್ಪತ್ರೆಗೆ ಕರ್ಕೊಂಡು ಬನ್ನಿ."

"ವಾಸಿ ಮಾಡೋ ಔಷಧಿ ಇದೆಯಾ?" ಭಾವ ಕೇಳಿದ.

"ಸದ್ಯಕ್ಕಿಲ್ಲ. ಸುಳ್ಳು ಹೇಳಲ್ಲ."

"ಮತ್ಯಾಕೆ ಬರಬೇಕು? ನಾಲ್ಕು ಜನರ ಮುಂದೆ ತೊದಲೋಕಾ?"

ಅಕ್ಕ ಕತ್ತರಿ ಕೆಳಗಿಟ್ಟಳು. ಗಂಡನ ತೋಳು ಮುಟ್ಟಿ, "ಹೋಗೋಣ" ಅಂದಳು. ಆ ಪದ ಸಲೀಸಾಗಿ ಬಂತು.

ಆಸ್ಪತ್ರೆಯಲ್ಲಿ ಸಣ್ಣ ಕೋಣೆ, ಒಂದು ಮೇಜು, ಧ್ವನಿ ಹಿಡಿಯುವ ಪುಟ್ಟ ಯಂತ್ರ. ಕೋಟಿನ ಒಡತಿ ಒಂದೊಂದೇ ಚಿತ್ರ ತೋರಿಸಿ ಹೆಸರು ಕೇಳಿದಳು. ಕತ್ತರಿಯ ಚಿತ್ರ ಬಂತು. ಅಕ್ಕನ ಕೈ ಮೇಜಿನ ಮೇಲೆ ಚಾಚಿಕೊಂಡಿತು. ಪಕ್ಕದಲ್ಲಿ ಕೂತಿದ್ದ ತಂಗಿ ತನಗರಿವಿಲ್ಲದೆಯೇ "ಕತ್ತರಿ" ಅಂದುಬಿಟ್ಟಳು. ಸೂಜಿಗೂ ಹಾಗೆಯೇ.

"ನೀವು ಸ್ವಲ್ಪ ಹಿಂದೆ ಕೂತ್ಕೊಳ್ತೀರಾ? ಅವರ ಉತ್ತರ ನನಗೆ ಸಿಗ್ತಿಲ್ಲ."

ತಂಗಿ ಗೋಡೆಯ ಪಕ್ಕದ ಕುರ್ಚಿಗೆ ಹೋದಳು. ಮುಂದಿನದು ಗುಂಡಿಯ ಚಿತ್ರ. ಅಕ್ಕ ಎದೆಯ ಹತ್ತಿರ ಬೆರಳು ತಂದು ಗುಂಡಿ ಹಾಕಿ ತೋರಿಸಿದಳು. ನಾಲ್ಕು ತೂತು, ದಾರ, ಗಂಟು, ಎಲ್ಲವನ್ನೂ ಬೆರಳಲ್ಲೇ ಹೇಳಿದಳು. ಹೆಸರು ಬರಲಿಲ್ಲ. ಕೋಣೆ ಸುಮ್ಮನಿತ್ತು. ಇಷ್ಟು ದೊಡ್ಡ ಮೌನ ತನ್ನ ಮಗ್ಗುಲಲ್ಲೇ ಇತ್ತೆಂದು ತಂಗಿಗೆ ಅಂದೇ ತಿಳಿದದ್ದು. ಎರಡು ವರ್ಷ ಅಕ್ಕನ ಬದಲು ತಾನೇ ಹೇಳಿ ಹೇಳಿ ಅದನ್ನು ಮುಚ್ಚಿಟ್ಟಿದ್ದಳು.

ಡಾಕ್ಟರು ನೋಡಿದರು, ಮಿದುಳಿನ ಸ್ಕ್ಯಾನ್ ಆಯಿತು. ಕಾಯಿಲೆಯ ಹೆಸರು ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ.

"ಹೆಸರು ಉದ್ದ, ವಿಷಯ ಇಷ್ಟೇ" ಅಂದಳು ಮಾತಿನ ತಜ್ಞೆ. "ಮಿದುಳಲ್ಲಿ ಭಾಷೆಯ ಜಾಗ ಮೊದಲು ಸವೆಯುತ್ತಾ ಹೋಗತ್ತೆ. ಇದು ಹಟ ಅಲ್ಲ, ಸೋಮಾರಿತನ ಅಲ್ಲ."

ಭಾವ ತಲೆ ತಗ್ಗಿಸಿದ. "ಬಾಯಲ್ಲಿ ವಯಸ್ಸು ಅಂದೆ, ಒಳಗೆ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ. ಒಂದು ವರ್ಷದಿಂದ ನಾನೂ ಸರಿಯಾಗಿ ಮಾತಾಡಿಸಿಲ್ಲ."

"ಈಗ ಮಾತಾಡಿಸಿ. ಅಭ್ಯಾಸ ಮಾಡಿಸ್ತೀವಿ, ಬೇಕಾದ ಪದಗಳು ಇನ್ನಷ್ಟು ದಿನ ಉಳಿಯಬಹುದು. ಮುಂದೆ ಪದ ಸಿಗದಾಗ ಬೆರಳಿಟ್ಟು ತೋರಿಸೋಕೆ ಬೇಕಾಗೋ ಚಿತ್ರದ ಪುಸ್ತಕಾನ ಈಗಲೇ ಅವರ ಜೊತೆ ಕೂತು ಮಾಡ್ತೀವಿ. ಇನ್ನೊಂದು ವಿಷಯ. ಇಂಥವರ ಮಾತನ್ನ ಆರಾರು ತಿಂಗಳಿಗೊಮ್ಮೆ ಈ ಯಂತ್ರದಲ್ಲಿ ಹಿಡಿದಿಟ್ಟು, ಯಾವ ಪದ ಮೊದಲು ಹೋಗತ್ತೆ, ಯಾವುದು ಉಳಿಯತ್ತೆ ಅಂತ ಸಂಶೋಧನೆ ಮಾಡ್ತಿದ್ದೀವಿ. ಮುಂದಿನವರಿಗೆ ಬೇಗ ಗುರುತು ಹಿಡಿಯೋಕೆ ಬೇಕು. ಇಷ್ಟ ಇದ್ರೆ ಮಾತ್ರ. ಬೇಡ ಅಂದ್ರೂ ಚಿಕಿತ್ಸೆ ನಿಲ್ಲಲ್ಲ."

ತಂಗಿ ಉತ್ತರಿಸಲು ಬಾಯಿ ತೆರೆದು ಮುಚ್ಚಿಕೊಂಡಳು. ಎಲ್ಲರೂ ಕಾದರು.

"ನನ್ನ... ಮಾತು..." ಅಕ್ಕ ಯಂತ್ರದ ಕಡೆ ಬೆರಳು ಮಾಡಿದಳು. "ಇರೋವಾಗಲೇ... ತಗೊಳ್ಳಿ."

ಮರುದಿನ ಅಂಗಡಿಯಲ್ಲಿ ಮತ್ತೆ ಅದೇ ಕೋಟು. ಅಕ್ಕ ಕೈ ಚಾಚಿದಳು. ಮಿಷನ್ ತುಳಿಯುತ್ತಿದ್ದ ತಂಗಿಯ ಬೆರಳು ಕತ್ತರಿಯ ಮೇಲಿತ್ತು. ಅವಳು ಅದನ್ನು ಎತ್ತಲಿಲ್ಲ. ಇನ್ನು ಮೇಲೆ ಕಾಯುವುದು, ಅಕ್ಕ ಪದ ಹುಡುಕುವಷ್ಟು ಹೊತ್ತೂ ಕಾಯುವುದು ಎಂದುಕೊಂಡಳು. ಅಕ್ಕ ತಿರುಗಿ ನೋಡಿದಳು.

"ಕ... ಕತ್ತ..."

ಮಿಷನ್ ನಿಲ್ಲಿಸಿ ತಂಗಿ ಕಾದಳು.

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಒಬ್ಬರು "ಅದು, ಇದು" ಅನ್ನುತ್ತ ದಿನೇದಿನೇ ಮೌನವಾಗುತ್ತಿರಬಹುದು. ಅವರ ಮಾತನ್ನು ನೀವೇ ಮುಗಿಸಿಬಿಡಬೇಡಿ. ವಯಸ್ಸು ಅಂತ ತಳ್ಳಿಹಾಕಬೇಡಿ. ಡಾಕ್ಟರಿಗೂ ಮಾತಿನ ತಜ್ಞರಿಗೂ ತೋರಿಸಿ. ಅವರಲ್ಲಿ ಹೇಳುವುದು ಇನ್ನೂ ಇದೆ, ಕೇಳಲು ಕೂತುಕೊಳ್ಳಿ.