ಇನ್ನೂರ ಹದಿನಾಲ್ಕು ಬೀಜದ ಹಣ್ಣು

2025ರ ಅಕ್ಟೋಬರ್ 12, ಆದಿತ್ಯವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಕಟಪಾಡಿಯ ಹೃಷೀಕೇಶನ ಮನೆಯ ಅಂಗಳದಲ್ಲಿ ಮೊದಲ ಪ್ಯಾಷನ್ ಫ್ರೂಟ್ ತಾನಾಗಿ ಕಳಚಿ ಬಿತ್ತು. ಬಾವಿಯ ಪಕ್ಕದ ಚಪ್ಪರಕ್ಕೆ ಬಳ್ಳಿ ಹಬ್ಬಿಸಿ ಎರಡು ವರ್ಷವಾಗಿತ್ತು. ಅವನು ಹಣ್ಣನ್ನು ತೊಳೆದು, ಒರೆಸಿ, ತೂಗಿ, ತಟ್ಟೆಯಲ್ಲಿಟ್ಟು ಜಗಲಿಯಲ್ಲಿ ಕುಳಿತಿದ್ದ ಅತ್ತೆಯ ಮುಂದೆ ಹಿಡಿದ.

ಅತ್ತೆ ಮನೋರಮಾ ಕಾರ್ಕಳದವರು. ಮೊಣಕಾಲಿನ ಚಿಕಿತ್ಸೆಗೆ ಮಣಿಪಾಲಕ್ಕೆ ಹೋಗಿ ಬರಬೇಕಾಗಿದ್ದರಿಂದ ಎರಡು ವಾರದ ಮಟ್ಟಿಗೆ ಮಗಳು ಶ್ರೀವಾಣಿಯ ಮನೆಯಲ್ಲಿದ್ದರು. ಒಳ್ಳೆಯ ಹೆಂಗಸು. ಆದರೆ ಅಳಿಯ ಬೆಳೆಸಿದ ಯಾವ ಪದಾರ್ಥವನ್ನೂ ಹದಿನೆಂಟು ವರ್ಷಗಳಲ್ಲಿ ಎರಡನೆಯ ಸಲ ಬಡಿಸಿಕೊಂಡವರಲ್ಲ. ಅವನ ಬಸಳೆಯಲ್ಲಿ ನಾರು, ತೊಂಡೆಕಾಯಿಯಲ್ಲಿ ಕಹಿ, ಹರಿವೆಗೆ ಎಂಥದೋ ವಾಸನೆ. ಈ ಸಲ ಅತ್ತೆ ಒಂದು ಲೋಟ ಶರಬತ್ತು ಕುಡಿದು ಇನ್ನೊಂದು ಲೋಟ ತಾವಾಗಿ ಕೇಳಬೇಕು. ಹೃಷೀಕೇಶನಿಗೆ ಬಳ್ಳಿಯಿಂದ ಬೇಕಾಗಿದ್ದದ್ದು ಅಷ್ಟೇ.

"ಎಂತ ಇದು?" ಎಂದರು ಅತ್ತೆ.

"ಪ್ಯಾಷನ್ ಫ್ರೂಟ್."

"ಫ್ಯಾಷನ್ನಾ? ಮೈಯೆಲ್ಲ ಸುಕ್ಕು. ನನಗಿಂತ ಪ್ರಾಯ ಆದ ಹಾಗೆ ಉಂಟು." ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಇದು ನನಗೆ ಆಗ್ತದಾ?"

ನಮ್ಮ ಕಡೆ ‘ಆಗ್ತದೆ’ ಎಂಬ ಶಬ್ದ ಎರಡು ಹೊರೆ ಹೊರುತ್ತದೆ. ದೇಹಕ್ಕೆ ಒಗ್ಗಿದರೂ ಆಗ್ತದೆ, ವ್ರತಕ್ಕೆ ಒಗ್ಗಿದರೂ ಆಗ್ತದೆ. ಅತ್ತೆ ಕೇಳಿದ್ದು ವ್ರತದ ವಿಷಯ. ಚಾತುರ್ಮಾಸ್ಯದ ಕೊನೆಯ ತಿಂಗಳು ನಡೆಯುತ್ತಿತ್ತು. ಬೇಳೆಕಾಳುಗಳ ಜೊತೆಗೆ, ಹೊಟ್ಟೆ ತುಂಬ ಬೀಜವಿರುವ ‘ಬಹುಬೀಜ’ದ ಹಣ್ಣು ತರಕಾರಿಗಳೂ ಅವರಿಗೆ ವರ್ಜ್ಯ. ಹೃಷೀಕೇಶ ಮಣಿಪಾಲದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವನು. ಅವನಿಗೆ ಕೇಳಿಸಿದ್ದು ದೇಹದ ವಿಷಯ. ಒಂದು ವಾರದಿಂದ ತನ್ನ ಮನೆಯ ಸಾರಿನಲ್ಲಿ ಬೇಳೆಯೇ ಇಲ್ಲವೆಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ.

ಸರಿಯಾಗಿ ವಿಚಾರಿಸಿ ಹೇಳುತ್ತೇನೆ ಎಂದ. ಅತ್ತೆಗೆ ಸಂತೋಷವಾಯಿತು. ಅಳಿಯನಿಗೆ ಇಷ್ಟಾದರೂ ಆಚಾರ ಉಂಟಲ್ಲ ಎಂದು ಮಗಳ ಹತ್ತಿರ ಹೊಗಳಿದರಂತೆ.

ಸೋಮವಾರ ಅವನು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಸ್ಯಾಮ್ಸನ್ ಅವರನ್ನು ಹಿಡಿದ. ಕಾಯಿ ಎಳೆಯದಾಗಿ ಹಸಿರಿರುವಾಗ ಸಯನೈಡ್ ಬಿಡುಗಡೆ ಮಾಡಬಲ್ಲ ಅಂಶಗಳು ಅದರಲ್ಲಿರುತ್ತವೆ, ಎಲೆಯಲ್ಲೂ ಇರುತ್ತವೆ, ಹಸಿಯಾಗಿ ಅವನ್ನು ತಿನ್ನುವುದು ಬೇಡ. ಚೆನ್ನಾಗಿ ಹಣ್ಣಾಗಿ ತಾನೇ ಬಿದ್ದದ್ದಾದರೆ ತಿರುಳನ್ನು ಬೀಜ ಸಮೇತ ಧಾರಾಳವಾಗಿ ತಿನ್ನಿ ಎಂದರು ಅವರು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಹೃಷೀಕೇಶ ದಿನಕ್ಕೆರಡು ಹಣ್ಣು ತಾನೇ ತಿಂದು, ಬಾವಿಕಟ್ಟೆಯ ಮೇಲೆ ಕುಳಿತು, ಅರ್ಧ ಗಂಟೆಗೊಮ್ಮೆ ನಾಡಿ ಎಣಿಸಿ ಪಟ್ಟಿ ಮಾಡತೊಡಗಿದ.

ಪಕ್ಕದ ಮನೆಯ ಲವೀನಾ ಕಂಪೌಂಡಿನಾಚೆಯಿಂದ ಎರಡು ದಿನ ನೋಡಿ, ಮೂರನೆಯ ದಿನ ಶ್ರೀವಾಣಿಯನ್ನು ಕರೆದು ನಿಮ್ಮ ಯಜಮಾನರಿಗೆ ಎದೆನೋವಾ ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಅವರ ಸಹನೆ ಮುಗಿಯಿತು. "ಬಜಗೋಳಿಯಲ್ಲಿ ನಮ್ಮ ತವರಿನ ಬೇಲಿ ತುಂಬ ಇದೇ ಹಣ್ಣು ಮಾರಾಯ್ರೆ. ಸಣ್ಣದಿರುವಾಗ ಬಕೆಟ್ ಗಟ್ಟಲೆ ತಿಂದಿದ್ದೇವೆ. ಒಬ್ಬರೂ ನಾಡಿ ಹಿಡಿದು ನೋಡಿದವರಿಲ್ಲ."

ಅದು ಅನುಭವ, ಪ್ರಮಾಣವಲ್ಲ ಎಂದ ಹೃಷೀಕೇಶ.

ಬುಧವಾರ ಮಣಿಪಾಲಕ್ಕೆ ಹೋಗುವಾಗ ಕಾರಿನಲ್ಲಿ ಅತ್ತೆ ವಿಷಯ ಎತ್ತಿದರು. "ವಿಚಾರಿಸಿದಿರಾ?"

"ವಿಚಾರಿಸಿದೆ. ಇದರಲ್ಲಿ ಅವರಷ್ಟು ತಿಳಿದವರು ಈ ಕಡೆ ಯಾರೂ ಇಲ್ಲ. ಹಸಿರಿರುವಾಗ ಆಗುವುದಿಲ್ಲವಂತೆ, ಬಿದ್ದು ಸುಕ್ಕಾದ ಮೇಲೆ ಆಗ್ತದಂತೆ."

ಇಂಥ ನಿಯಮವನ್ನು ಅತ್ತೆ ಎಪ್ಪತ್ತೊಂದು ವರ್ಷಗಳಲ್ಲಿ ಕೇಳಿರಲಿಲ್ಲ. "ಹೇಳಿದ್ದು ಯಾರು?"

"ಸ್ಯಾಮ್ಸನ್ ಅಂತ."

ಅತ್ತೆ ಅವನ ಕಡೆಗೆ ತಿರುಗಿದರು. "ಯಾವ ಮಠದವರು?"

"ಮಠ ಅಲ್ಲ ಅತ್ತೆ, ಅವರು ಇಗರ್ಜಿಗೆ ಹೋಗುವವರು."

ಹಿರಿಯರು ಯಾರ ಹೆಸರು ಕೇಳಿದರೂ ಹಿಂದೆಮುಂದೆ ವಿಚಾರಿಸುವುದು ಇದ್ದದ್ದೇ ಎಂದು ಅವನಿಗೆ ಏನೂ ಅನಿಸಲಿಲ್ಲ. ಅತ್ತೆ ಮಾತ್ರ ಮಣಿಪಾಲ ಬರುವವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದರು.

ಶನಿವಾರ ಮಧ್ಯಾಹ್ನ ಶರಬತ್ತು ತಯಾರಾಯಿತು. ಮರುದಿನ ಅತ್ತೆ ಕಾರ್ಕಳಕ್ಕೆ ಹೊರಡುವವರು, ಇದಕ್ಕಿಂತ ತಡಮಾಡುವಂತಿರಲಿಲ್ಲ. ಹೃಷೀಕೇಶ ಬೀಜಗಳನ್ನು ಬೇಕೆಂದೇ ಸೋಸದೆ ಬಿಟ್ಟಿದ್ದ. ಹಳದಿ ಶರಬತ್ತಿನಲ್ಲಿ ಕರಿ ಬೀಜಗಳು ತೇಲುವ ಲೋಟವನ್ನು ಅತ್ತೆಯ ಕೈಗೆ ಕೊಟ್ಟು, ತನ್ನ ಪಟ್ಟಿ ತೆರೆದ. ಆರು ದಿನ, ಹನ್ನೆರಡು ಹಣ್ಣು, ನಾಡಿಯಲ್ಲಿ ವ್ಯತ್ಯಾಸವಿಲ್ಲ, ಹೊಟ್ಟೆಗೂ ತೊಂದರೆಯಿಲ್ಲ. ಅತ್ತೆ ತಲೆಯಾಡಿಸುತ್ತ ಕೇಳಿದರು. ಯಾವ ಮಠದವರೂ ಹೇಳದಿದ್ದರೂ ಅಳಿಯ ಇಷ್ಟು ಒದ್ದಾಡಿದ್ದಾರೆ, ಒಂದು ಗುಟುಕು ಕುಡಿದರೆ ದೇವರು ಕ್ಷಮಿಸಿಯಾನು ಎಂಬ ಹಂತಕ್ಕೆ ಅವರು ಬಂದಿದ್ದರೆಂದು ಆಮೇಲೆ ತಿಳಿಯಿತು. ಲೋಟ ತುಟಿಯ ಹತ್ತಿರ ಬಂದಿತ್ತು.

ಆಗ ಅವನು ಕೊನೆಯ ಸಾಲು ಓದಿದ. "ಬೀಜದ ಬಗ್ಗೆ ಸಂಶಯವೇ ಬೇಡ ಅತ್ತೆ. ಎಣಿಸಿಯೇ ತಿಂದಿದ್ದೇನೆ, ಏನೂ ಆಗಿಲ್ಲ. ಒಂದೇ ಹಣ್ಣಿನಲ್ಲಿ ಇನ್ನೂರ ಹದಿನಾಲ್ಕು ಬೀಜ."

ಲೋಟ ಕೆಳಗಿಳಿಯಿತು. "ಎಷ್ಟು?"

"ಇನ್ನೂರ ಹದಿನಾಲ್ಕು. ಎರಡು ಸಲ ಎಣಿಸಿದೆ."

ಅತ್ತೆ ಲೋಟವನ್ನು ಮೇಜಿನ ಆಚೆ ತುದಿಯವರೆಗೆ ಸರಿಸಿ, ಕೈ ತೊಳೆಯಲು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶ್ರೀವಾಣಿ ನಗು ತಡೆಯಲಾಗದೆ ಅಲ್ಲೇ ಕುಳಿತುಬಿಟ್ಟಳು. "ಅಮ್ಮ ಕೇಳಿದ್ದು ವ್ರತಕ್ಕೆ ಆಗ್ತದಾ ಅಂತ. ನೀವು ಒಂದು ವಾರ ಕೂತು ಬಹುಬೀಜ ಅಂತ ಸಾಕ್ಷಿ ಸಮೇತ ಸಾಧಿಸಿಕೊಟ್ಟಿರಿ."

ಹೃಷೀಕೇಶ ಪಟ್ಟಿಯನ್ನು ಮಡಚಿದ. ಸೋಸಿ ಕೊಟ್ಟರೆ ಆಗುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದ. ಬೀಜ ತೆಗೆದರೂ ಹಣ್ಣು ಅದೇ ಅಲ್ವಾ ಎಂದರು ಅತ್ತೆ. ಆಮೇಲೆ ಅವನ ಮುಖ ನೋಡಿ ಪಾಪ ಅನಿಸಿರಬೇಕು. "ಉತ್ಥಾನ ದ್ವಾದಶಿ ಕಳೆದು ವ್ರತ ಮುಗಿಯಲಿ. ತನ್ನಿ, ಕುಡಿಯುತ್ತೇನೆ" ಎಂದರು.

ಮರುದಿನ ಅತ್ತೆ ಹೋದರು. ಅವನು ಬಿದ್ದ ಹಣ್ಣುಗಳ ತಿರುಳನ್ನು ಡಬ್ಬಿಗಳಲ್ಲಿ ತುಂಬಿ, ಮೇಲೆ ದಿನಾಂಕ ಬರೆದು ಫ್ರೀಜರಿನಲ್ಲಿಟ್ಟ. ಐಸ್ ಕ್ರೀಮ್‌ಗೆ ಜಾಗ ಇಲ್ಲದಂತಾಯಿತು ಎಂದು ಶ್ರೀವಾಣಿ ದಿನಕ್ಕೊಮ್ಮೆ ನೆನಪಿಸಿದಳು.

ದ್ವಾದಶಿ ಕಳೆದ ಮರುದಿನ ಗಂಡ ಹೆಂಡತಿ ಕಾರ್ಕಳಕ್ಕೆ ಹೋದರು. ಸೋಸಿದ ಶರಬತ್ತು ಒಂದು ಲೀಟರಿನ ಬಾಟಲಿಯಲ್ಲಿ, ಬಾಟಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ಅತ್ತೆ ಮೊದಲ ಲೋಟವನ್ನು ನಿಧಾನವಾಗಿ ಕುಡಿದರು. ಸಕ್ಕರೆ ಸ್ವಲ್ಪ ಜಾಸ್ತಿ ಎಂದರು. ಏಲಕ್ಕಿ ಕಡಿಮೆ ಎಂದರು. ಹುಳಿ ಮಾತ್ರ ಸರಿಯುಂಟು ಎಂದು ಒಪ್ಪಿಕೊಂಡರು. ಹೃಷೀಕೇಶ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದ. ಅತ್ತೆ ಬೇರೆ ಸುದ್ದಿ ಮಾತಾಡಿದರು, ಮೊಣಕಾಲು ಉಜ್ಜಿಕೊಂಡರು, ಮತ್ತೆ ಯಾರ ಮುಖವನ್ನೂ ನೋಡದೆ ಲೋಟ ಮುಂದೆ ಚಾಚಿದರು.

"ಚೂರು ಹಾಕಿ."

ಅವನು ಚೂರು ಹಾಕಲಿಲ್ಲ, ತುಂಬಿಸಿ ಕೊಟ್ಟ. ಅದೂ ಖಾಲಿಯಾಯಿತು. ಹೊರಡುವ ಮೊದಲು ಅಡುಗೆಮನೆಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಉಳಿದ ಶರಬತ್ತನ್ನು ಅಳೆದು ಕಳೆದು ನೋಡಿದ. ಅತ್ತೆ ಕುಡಿದದ್ದು ನಾನೂರ ಹತ್ತು ಮಿಲಿಲೀಟರ್.