ನೀರು ಕುಡಿದ ದೊಡ್ಡ ಗಾಡಿ

ಅಣ್ಣನ ಮನೆಗೂ ತಮ್ಮನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಣ್ಣನದು ಬೇಕರಿ, ತಮ್ಮನದು ಕನ್ನಡಕದ ಅಂಗಡಿ. ಅವರ ಹೆಂಡತಿಯರನ್ನು ಬೀದಿಯವರೆಲ್ಲ ದೊಡ್ಡ ಸೊಸೆ, ಚಿಕ್ಕ ಸೊಸೆ ಎಂದೇ ಕರೆಯುತ್ತಿದ್ದರು. ಓರಗಿತ್ತಿಯರು ಒಂದೇ ಹಗ್ಗದ ಮೇಲೆ ಬಟ್ಟೆ ಒಣಗಿಸುವಷ್ಟು ಚೆನ್ನಾಗಿದ್ದರು, ಚಿಕ್ಕ ಸೊಸೆ ಹೊಸ ಕೆಂಪು ಕಾರು ತರುವ ತನಕ.

ಕಾರೇನೋ ಸಣ್ಣದೇ. ಆದರೆ ಅತ್ತೆ ಅದರ ಮುಂದಿನ ಸೀಟಿನಲ್ಲಿ ಕೂತು ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದವರೇ, "ಮೈ ಒಂಚೂರೂ ಅಲುಗಾಡಲಿಲ್ಲ ಕಣ್ರೇ" ಎಂದು ಸಿಕ್ಕಸಿಕ್ಕವರಿಗೆ ಹೇಳಿದರು. ದೊಡ್ಡ ಸೊಸೆಯ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಇಷ್ಟು ವರ್ಷ ಬೇಕರಿಯ ವ್ಯಾನಿನಲ್ಲಿ, ಬನ್ನಿನ ಟ್ರೇಗಳ ಪಕ್ಕ ಕೂರಿಸಿಕೊಂಡು ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದವಳು ತಾನಲ್ಲವೇ?

"ರೀ, ನಮಗೂ ಕಾರು ಬೇಕು. ಅವಳದಕ್ಕಿಂತ ದೊಡ್ಡದು" ಎಂದಳು ಗಂಡನಿಗೆ.

"ದುಡ್ಡು ಇಟ್ಟಿರೋದು ಹೊಸ ಓವನ್‌ಗೆ. ಹಳೇದರಲ್ಲಿ ಬ್ರೆಡ್ಡು ಒಂದು ಕಡೆ ಸೀದು ಒಂದು ಕಡೆ ಹಸಿ ಉಳೀತಿದೆ, ಗೊತ್ತಲ್ಲ?"

"ಓವನ್ ಯಾರ ಕಣ್ಣಿಗೆ ಕಾಣುತ್ತೆ?"

ಹುಡುಕುವವರಿಗೆ ಸಿಗದೆ ಇರುತ್ತದೆಯೇ? ರಿಂಗ್ ರಸ್ತೆಯಲ್ಲಿ ಹಳೆಯ ಐಷಾರಾಮಿ ಕಾರುಗಳನ್ನು ಮಾರುವ ಷೋರೂಮ್ ಒಂದಿತ್ತು. ಗಾಜಿನ ಗೋಡೆಯ ಹಿಂದೆ ಕಪ್ಪು ಕಾರೊಂದು ಆನೆಮರಿಯ ಹಾಗೆ ನಿಂತಿತ್ತು. ಚರ್ಮದ ಸೀಟು, ಮೇಲೆ ಗಾಜಿನ ಚಾವಣಿ. ಬೆಲೆ ಕೇಳಿದರೆ ಚಿಕ್ಕ ಸೊಸೆಯ ಕೆಂಪು ಕಾರಿನಷ್ಟೇ!

"ಡಾಕ್ಟರ್ ಒಬ್ಬರು ಇಟ್ಕೊಂಡಿದ್ದ ಗಾಡಿ ಮೇಡಂ, ರಜಾ ದಿನ ಮಾತ್ರ ಹೊರಗೆ ತೆಗೀತಿದ್ರು" ಎಂದ ಸೇಲ್ಸ್‌ಮನ್. "ಇವತ್ತೇ ಮುಂಗಡ ಕೊಟ್ರೆ ನಿಮ್ಮದು. ನಾಳೆ ಬೇರೆ ಪಾರ್ಟಿ ಬರ್ತಿದಾರೆ."

ದೊಡ್ಡ ಸೊಸೆ ಸ್ಟೀರಿಂಗ್ ಹಿಡಿದು ಕೂತಳು. ಅವಳು ಕಂಡದ್ದು ರಸ್ತೆಯನ್ನಲ್ಲ, ಈ ಗಾಡಿ ಬೀದಿಗೆ ಬಂದಾಗ ಓರಗಿತ್ತಿಯ ಮುಖ ಹೇಗೆ ಸಪ್ಪಗಾಗುತ್ತದೆ ಎಂಬುದನ್ನು. ಅಂದೇ ಮುಂಗಡ ಕೊಡುತ್ತಿದ್ದಳೋ ಏನೋ, ಗಂಡ ಮಾತ್ರ ಹಟ ಹಿಡಿದ. "ತಂಗಿ ಒಂದು ಸಲ ನೋಡಲಿ. ಆಮೇಲೆ ನಿನ್ನಿಷ್ಟ."

ಅವನ ತಂಗಿ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅಪಘಾತವಾದ, ಪ್ರವಾಹದಲ್ಲಿ ಮುಳುಗಿದ ವಾಹನಗಳನ್ನು ಪರೀಕ್ಷಿಸಿ ನಷ್ಟ ಅಂದಾಜು ಮಾಡುವುದೇ ಅವಳ ಉದ್ಯೋಗ. ಮರುದಿನ ಬಂದವಳು ಬಣ್ಣ ನೋಡಲಿಲ್ಲ, ಕನ್ನಡಿಯಂತೆ ಹೊಳೆಯುತ್ತಿದ್ದ ಚಕ್ರವನ್ನೂ ನೋಡಲಿಲ್ಲ. ಬಾಗಿಲು ತೆಗೆದು ಮೂಗು ಒಳಗಿಟ್ಟಳು.

"ಅತ್ತಿಗೆ, ಸೆಂಟಿನ ವಾಸನೆ ಇಷ್ಟು ಜೋರಾಗಿ ಯಾಕೆ ಹೊಡೀತಿದೆ?"

"ಘಮ್ ಅಂತಿದ್ರೂ ನಿನಗೆ ತಪ್ಪಾ?" ದೊಡ್ಡ ಸೊಸೆಗೆ ರೇಗಿತು. ಇವಳೂ ಚಿಕ್ಕವಳ ಕಡೆಯವಳೇ, ತನ್ನ ಏಳಿಗೆ ಇವಳಿಗೂ ಸಹಿಸುತ್ತಿಲ್ಲ ಎಂದುಕೊಂಡಳು.

ನಾದಿನಿ ಹಿಂದಿನ ಸೀಟಿನ ಬೆಲ್ಟನ್ನು ಎಳೆದಳು, ಪೂರ್ತಿ ಕೊನೆಯ ತನಕ. ಮೇಲಿನ ಅರ್ಧ ಹೊಸದರಂತಿತ್ತು. ಒಳಗೆ ಸುತ್ತಿಕೊಂಡಿದ್ದ ಉಳಿದರ್ಧದ ಮೇಲೆ ಒಣಗಿದ ಕೆಸರಿನ ಗೆರೆ. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಸೀಟಿನ ಕೆಳಗೆ ಟಾರ್ಚ್ ಬಿಟ್ಟರೆ ಬೋಲ್ಟುಗಳೆಲ್ಲ ತುಕ್ಕು.

"ಈ ಗಾಡಿ ಸೀಟಿನ ತನಕ ನೀರು ಕುಡಿದಿದೆ ಅತ್ತಿಗೆ. ಮೇಲೆ ತೊಳೆದು ಪಾಲಿಷ್ ಹೊಡೆದು, ಮುಗ್ಗಲು ವಾಸನೆ ಮುಚ್ಚೋಕೆ ಸೆಂಟು ಸುರಿದಿದಾರೆ. ಒಳಗಿನ ವೈರು ಯಾವತ್ತು ಕೈ ಕೊಡುತ್ತೋ ಹೇಳಕ್ಕಾಗಲ್ಲ. ಬರೀ ನಡು ರಸ್ತೇಲಿ ಕೆಟ್ಟು ನಿಂತ್ರೆ ಪುಣ್ಯ. ಗುದ್ದಿದಾಗ ಏರ್‌ಬ್ಯಾಗ್ ಬಿಚ್ಕೊಳ್ಳದೇ ಹೋದ್ರೆ ಏನ್ಮಾಡ್ತೀರಿ?"

ಸೇಲ್ಸ್‌ಮನ್ ನಕ್ಕ. "ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಧೂಳು ಇರುತ್ತೆ ಮೇಡಂ."

"ಸರಿ, ನಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಬರ್ತೀವಿ. ಹಳೇ ಸರ್ವಿಸ್ ದಾಖಲೆ, ವಿಮೆ ದಾಖಲೆ ತೋರಿಸಿ" ಎಂದಳು ನಾದಿನಿ.

"ಹೊರಗಿನವರು ಗಾಡಿ ಮುಟ್ಟೋ ಹಾಗಿಲ್ಲ."

ಅಷ್ಟು ಹೊತ್ತಿಗೆ ದೊಡ್ಡ ಸೊಸೆಯ ಬೆರಳಿಗೂ ಆ ಕೆಸರಿನ ಪುಡಿ ಅಂಟಿತ್ತು. ಅವಳು ಮುಂಗಡ ಕೊಡದೆ ಹೊರಗೆ ಬಂದಳು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಹೊಟ್ಟೆಕಿಚ್ಚು ಗೋಡೆಯ ಒಂದೇ ಬದಿಗೆ ಇರುತ್ತದೆಯೇ? ಭಾವನ ಮನೆಗೆ ದೊಡ್ಡ ಕಪ್ಪು ಗಾಡಿ ಬರಲಿದೆ ಎಂಬ ಸುದ್ದಿ ಚಿಕ್ಕ ಸೊಸೆಯ ಕಿವಿಗೆ ಬಿದ್ದಿತ್ತು, ಅದು ಯಾಕೆ ಬರಲಿಲ್ಲ ಎಂಬುದು ಮಾತ್ರ ಬಿದ್ದಿರಲಿಲ್ಲ. ಅದೇ ವಾರ ಅತ್ತೆ ದೊಡ್ಡ ಸೊಸೆಯ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ಕೆಂಪು ಕಾರು ಕೊಟ್ಟು ಆ ಕಪ್ಪು ಗಾಡಿ ತಗೋತಾರಂತೆ ಕಣೇ. ನಿನಗೆ ಸಿಗದೇ ಇದ್ದದ್ದು ಅವಳಿಗೆ ಸಿಕ್ತು ನೋಡು. ನಾಳೆ ಹೋಗ್ತಾರಂತೆ."

ದೊಡ್ಡ ಸೊಸೆಗೆ ಒಳಗೊಳಗೇ ನಗು ಉಕ್ಕಿತು. ತರಲಿ, ಚೆನ್ನಾಗಿ ತರಲಿ! ನಡು ರಸ್ತೆಯಲ್ಲಿ ಕೈಕೊಟ್ಟಾಗ ಬೇಕರಿ ವ್ಯಾನಿನಲ್ಲೇ ಹಗ್ಗ ಕಟ್ಟಿ ಎಳೆದು ತಂದರಾಯಿತು. ಬೀದಿಯವರೆಲ್ಲ ನೋಡಲಿ. ಹಿಟ್ಟು ನಾದುತ್ತಾ ಅವಳು ಆ ಮೆರವಣಿಗೆಯನ್ನು ಮನಸ್ಸಿನಲ್ಲೇ ನೋಡಿ ಸುಖಪಟ್ಟಳು. ಆದರೆ ಆ ಎಳೆದು ತಂದ ಗಾಡಿಯೊಳಗೆ ಕೂತವರು ಯಾರು? ಹಿಂದಿನ ಸೀಟಿನಲ್ಲಿ ಓರಗಿತ್ತಿಯ ಮಗಳು ಇದ್ದಳು, ದಿನಾ ಶಾಲೆಗೆ ಅಮ್ಮನ ಕಾರಿನಲ್ಲೇ ಹೋಗುವವಳು, "ದೊಡ್ಡಮ್ಮಾ" ಎಂದು ಓಡಿ ಬಂದು ಕುತ್ತಿಗೆಗೆ ಜೋತುಬೀಳುವವಳು. ಏರ್‌ಬ್ಯಾಗ್ ಬಿಚ್ಚದೇ ಹೋದರೆ? ನಾದುತ್ತಿದ್ದ ಕೈ ನಿಂತಿತು.

ಹಿಟ್ಟಿನ ಕೈಯಲ್ಲೇ ಹೋಗಿ ಪಕ್ಕದ ಬಾಗಿಲು ಬಡಿದಳು.

"ಆ ಗಾಡಿ ತಗೋಬೇಡ. ಅದು ನೀರಲ್ಲಿ ಮುಳುಗಿದ್ದು."

ಚಿಕ್ಕ ಸೊಸೆ ಹುಬ್ಬೇರಿಸಿದಳು. "ಅಕ್ಕ, ನಿಮಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು."

"ಹೌದು, ಹೊಟ್ಟೆಕಿಚ್ಚೇ! ನಿನ್ನ ಕೆಂಪು ಕಾರು ಬಂದ ದಿನದಿಂದ ತಿಂದದ್ದು ಮೈಗೆ ಹತ್ತಿಲ್ಲ. ನೀನು ಮೋಸ ಹೋದ್ರೆ ನನಗೆ ಖುಷಿಯೇ ಆಗ್ತಿತ್ತು. ಆದ್ರೆ ಮಗು ಅದರಲ್ಲಿ ಕೂರುತ್ತಲ್ಲ! ನನ್ನ ಮಾತು ನಂಬಬೇಡ ಬಿಡು. ನಿನಗೆ ನಂಬಿಕೆ ಇರೋ ಮೆಕ್ಯಾನಿಕ್‌ನ ಕರ್ಕೊಂಡು ಹೋಗು. ಅವನು ಸರಿ ಅಂದ್ರೆ ತಗೋ, ನಾನೇ ಬಂದು ಸಿಹಿ ಹಂಚ್ತೀನಿ."

ಚಿಕ್ಕ ಸೊಸೆ ಸಣ್ಣ ದನಿಯಲ್ಲಿ, "ನೀವು ದೊಡ್ಡ ಗಾಡಿ ತಂದ್ರೆ ನನ್ನ ಕಾರು ಬೆಂಕಿಪೊಟ್ಟಣದ ಥರ ಕಾಣುತ್ತೆ ಅಂತ ಹೆದರಿಕೆ ಆಗಿತ್ತು ಅಕ್ಕ" ಎಂದಳು.

ಮರುದಿನ ಗಂಡ ಹೆಂಡತಿ ಮೆಕ್ಯಾನಿಕ್‌ನನ್ನು ಕರೆದುಕೊಂಡೇ ಹೋದರು. ಷೋರೂಮಿನವರು ಅವನನ್ನು ಬಾಗಿಲಲ್ಲೇ ತಡೆದರು. ಅಷ್ಟು ಸಾಕಾಯಿತು, ಗಂಡ ಹೆಂಡತಿ ತಮ್ಮ ಕೆಂಪು ಕಾರಿನಲ್ಲೇ ವಾಪಸು ಬಂದರು. ಬೇಕರಿಗೆ ಹೊಸ ಓವನ್ ಬಂತು. ದೊಡ್ಡ ಸೊಸೆಯ ಹೊಟ್ಟೆಕಿಚ್ಚು ಪೂರ್ತಿ ಆರಿತು ಎಂದರೆ ಸುಳ್ಳಾದೀತು. ಈಗಲೂ ಆ ಕಾರು ಹೊರಟಾಗ ಅವಳು ಒಮ್ಮೆ ಕಣ್ಣು ಹಾಯಿಸುತ್ತಾಳೆ. ಆದರೆ ಹಣ ಉಳಿಸಿ, ನಾದಿನಿಯನ್ನು ಜೊತೆಗೆ ಕರೆದೊಯ್ದು, ಸರಿಯಾದ ಕಾರನ್ನೇ ಕೊಳ್ಳಬೇಕೆಂದು ಮನಸ್ಸು ಮಾಡಿದ್ದಾಳೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಕಾರು ಕೊಳ್ಳುವುದು ತಪ್ಪಲ್ಲ, ಐಷಾರಾಮಿ ಕಾರಿನ ಆಸೆಯೂ ತಪ್ಪಲ್ಲ. ಬೆಲೆ ತೀರಾ ಕಡಿಮೆ ಇದ್ದರೆ ಮಾತ್ರ ಯಾಕೆಂದು ಕೇಳಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕಾಲಡಿಯ ಹಾಸು ಎತ್ತಿ ನೋಡಿ. ಕಾರಿನ ಮೈಮೇಲೆ ಕೊರೆದಿರುವ ಚಾಸಿ ನಂಬರು ನೋಂದಣಿ ಕಾಗದದಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ತಾಳೆ ಹಾಕಿ, ಹಿಂದೆ ನಷ್ಟಕ್ಕೆ ವಿಮೆ ಪರಿಹಾರ ಪಡೆದದ್ದುಂಟೇ ಎಂದು ವಿಚಾರಿಸಿ. ನಿಮ್ಮದೇ ಮೆಕ್ಯಾನಿಕ್ ನೋಡಿ ಒಪ್ಪುವ ತನಕ ಮುಂಗಡ ಕೊಡಬೇಡಿ. ಅವನನ್ನು ಒಳಗೆ ಬಿಡದ ಅಂಗಡಿಯಿಂದ ಎದ್ದು ಬನ್ನಿ. ನೆರೆಯವರ ಮುಖ ನೋಡಿ ಗಾಡಿ ಕೊಳ್ಳಬೇಡಿ, ಅದರಲ್ಲಿ ಕೂರುವ ನಿಮ್ಮವರ ಮುಖ ನೋಡಿ ಕೊಳ್ಳಿ.