ಕನ್ನಡಿಯ ಮುಂದೆ ಮೊದಲ ತುತ್ತು

ನಲವತ್ತು ವರ್ಷದಿಂದ ಊರವರ ತಲೆ ನನ್ನ ಕೈಯಲ್ಲಿದೆ. "ಅಲ್ಲಾಡ್ಬೇಡಿ" ಎಂದರೆ ಎಂಥವರೂ ಸುಮ್ಮನೆ ಕೂರುತ್ತಾರೆ. ಆರು ತಿಂಗಳ ಮೊಮ್ಮಗ ಗುಂಡ ಮಾತ್ರ ನನಗೆ ಮೂರು ಕಾಸಿನ ಬೆಲೆ ಕೊಡಲಿಲ್ಲ.

ಮಗಳು ಬಸ್ ಡ್ರೈವರ್. ಸೋಮವಾರಕ್ಕೆ ಹೆರಿಗೆ ರಜೆ ಮುಗಿಯುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಬರುವುದು ಮಧ್ಯಾಹ್ನ ಎರಡಕ್ಕೆ. ಗುಂಡ ಬಾಟಲಿಯನ್ನಂತೂ ಮುಟ್ಟುವುದಿಲ್ಲ. ನಾಲ್ಕು ದಿನದಿಂದ ಸಿಹಿಗುಂಬಳ ಬೇಯಿಸಿ, ನುಣ್ಣಗೆ ಹಿಸುಕಿ ಕೊಟ್ಟರೆ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಅವನ ಹೊಟ್ಟೆಗಿಂತ ನನ್ನ ಅಂಗಿ ಹೆಚ್ಚು ತಿಂದಿತ್ತು.

ಶನಿವಾರ ಅಂಗಡಿಯಲ್ಲಿ ಮೇಷ್ಟ್ರಿಗೆ ಅರ್ಧ ಶೇವಿಂಗ್ ಮಾಡಿದ್ದೆ. ಅಂಗಡಿಯ ಹಿಂದೆಯೇ ಇರುವ ನಮ್ಮ ಮನೆಯಿಂದ ಗುಂಡನ ಕಿರುಚಾಟ ಕೇಳಿ ಓಡಿದೆ.

"ಇವತ್ತೂ ತಿನ್ನದಿದ್ರೆ ಕೆಲಸ ಬಿಡ್ತೀನಿ ಅಪ್ಪ," ಎಂದಳು ಮಗಳು.

ನನಗೆ ರೇಗಿತು. ಆ ಸ್ಟೀರಿಂಗ್ ಹಿಡಿಯಲು ಅವಳು ಪಟ್ಟ ಪಾಡು ನನಗೆ ಗೊತ್ತಿಲ್ಲವೇ? ಬಟ್ಟಲನ್ನೂ ಗುಂಡನನ್ನೂ ಎತ್ತಿಕೊಂಡು ಅಂಗಡಿಗೆ ಬಂದೆ. ಮೇಷ್ಟ್ರು ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡು ಹಾಗೇ ಕೂತಿದ್ದರು.

"ನನ್ನ ಗತಿ ಏನಪ್ಪ?"

"ಆ ಕೆನ್ನೆ ಎಲ್ಲೂ ಓಡಿಹೋಗಲ್ಲ, ಮಗೂನ ಹಿಡ್ಕೊಳಿ ಮೇಷ್ಟ್ರೆ," ಎಂದು ಗುಂಡನನ್ನು ಅವರ ತೊಡೆಯ ಮೇಲೆ ಕೂರಿಸಿದೆ.

ಆಗ ಹೊಳೆಯಿತು. ಎದುರಿನಿಂದ ಕತ್ತಿ ತಂದರೆ ಎಂಥ ಗಿರಾಕಿಯೂ ಬೆದರುತ್ತಾನೆ. ಅದಕ್ಕೇ ನಾನು ಪಕ್ಕದಲ್ಲಿ ನಿಲ್ಲುವುದು. ಅವರು ಕನ್ನಡಿ ನೋಡುತ್ತಿರುತ್ತಾರೆ. ಮನೆಯಲ್ಲಿ ಮಾತ್ರ ಚಮಚ ಹಿಡಿದು ಮಗುವಿನ ಎದುರಿಗೇ ಎರಗುತ್ತಿದ್ದೆ. ನನ್ನ ಬುದ್ಧಿ ಅಷ್ಟೇ.

ಪಕ್ಕಕ್ಕೆ ನಿಂತೆ. ಗುಂಡ ಕನ್ನಡಿಯೊಳಗಿನ ಮಗುವನ್ನು ಕಂಡು ಬಾಯಗಲಿಸಿ ನಕ್ಕ. ಚಮಚವನ್ನು ತುಟಿಗೆ ತಾಗಿಸಿ ಸುಮ್ಮನಾದೆ. ನಾಲಗೆ ಹೊರಗೆ ಬಂತು, ಮುಖ ಸಿಂಡರಿಸಿದ, ಆಮೇಲೆ ನುಂಗಿದ. ಕನ್ನಡಿ ನೋಡಿಕೊಂಡೇ ಮತ್ತೆ ಬಾಯಿ ತೆರೆದ. ಮೇಷ್ಟ್ರೂ ತಮಗೆ ಗೊತ್ತಿಲ್ಲದೆ ಬಾಯಿ ತೆರೆದಿದ್ದರು.

ಆರನೆಯ ಚಮಚದ ಹೊತ್ತಿಗೆ ಬಾಗಿಲಲ್ಲಿ ಮಗಳು ಕಂಡಳು. ಅಳುತ್ತಿದ್ದಳು.

"ತಿಂತಿದಾನಲ್ಲೇ, ಇನ್ಯಾಕೆ ಅಳು?"

"ತಿನ್ನದೇ ಇರ್ಲಿ ಅಂತ ಒಳಗೊಳಗೇ ಬೇಡ್ಕೋತಿದ್ದೆ ಅಪ್ಪ. ಬಿಟ್ಟು ಹೋಗೋದು ತಪ್ಪುತ್ತಲ್ಲ ಅಂತ."

ಮೊದಲ ದಿನ ಸ್ಕೂಲಿಗೆ ಬಿಟ್ಟಾಗ ಇವಳು ತಿರುಗಿಯೂ ನೋಡದೆ ಒಳಗೆ ಓಡಿದ್ದಳು. ಗೇಟಿನ ಹೊರಗೆ ನಿಂತು ಅತ್ತವನು ನಾನು. ಇಷ್ಟು ವರ್ಷ ಅದನ್ನು ಅವಳಿಗೆ ಹೇಳಿರಲಿಲ್ಲ. ಈಗ ಹೇಳಿದೆ.

ಅವಳು ಮೂಗೊರೆಸಿಕೊಂಡು ಚಮಚ ಇಸಿದುಕೊಂಡಳು. ಗುಂಡ ಅವಳ ಕೈಯಿಂದಲೂ ತಿಂದ. ಬಟ್ಟಲು ಖಾಲಿಯಾದ ಮೇಲೆ ಅವನ ಗಲ್ಲ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ಸೋಮವಾರ ಐದಕ್ಕೆ ಎಬ್ಬಿಸಪ್ಪ."